ತಕ್ಕಡಿಗೆ ಸಿಗದ ಬೆಲೆ
ಬೀದರ್ ಜಿಲ್ಲೆಯ ಹಳೆಯ ಬಾಗಿಲು, ಕಟಾಂಜನಗಳು ಮತ್ತು ವರ್ತಕರ ಹೊಣೆ

ಹಳೆಯ ವಾಡೆಯೊಂದನ್ನು ಕೆಡವಿದಾಗ ಅದರ ಕಲ್ಲು ಹೊಸ ಅಡಿಪಾಯಕ್ಕೆ ಸೇರುತ್ತದೆ. ತೊಲೆ-ಕಂಬಗಳು ಕಟ್ಟಿಗೆ ಅಡ್ಡೆಯನ್ನು ಸೇರುತ್ತವೆ. ಹೆಬ್ಬಾಗಿಲಿನ ಕಬ್ಬಿಣದ ಪಟ್ಟಿ, ಗುಬ್ಬಿಮೊಳೆ, ಕೊಂಡಿ, ಸರಪಳಿಗಳು ಹಾಗೂ ಮೇಲುಮಹಡಿಯ ಕಟಾಂಜನಗಳು ಗುಜರಿ ಅಂಗಡಿಯ ತಕ್ಕಡಿಯನ್ನು ಏರುತ್ತವೆ. ಕಲ್ಲು ಕಲ್ಲಾಗಿ, ಮರ ಮರವಾಗಿ ಮರುಬಳಕೆಯಾದರೆ ನಷ್ಟ ಅಷ್ಟಾಗಿ ಇಲ್ಲ. ಆದರೆ ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಾಗಿಸಿ, ರಿವೆಟ್ ಹೊಡೆದು ರೂಪಿಸಿದ ಕಬ್ಬಿಣವು ತೂಕದ ಲೆಕ್ಕದಲ್ಲಿ ಮಾರಾಟವಾದ ಕ್ಷಣದಲ್ಲಿ ಅದರಲ್ಲಿ ಅಡಗಿದ್ದ ದುಡಿಮೆಯ ಬೆಲೆ ಸಂಪೂರ್ಣವಾಗಿ ಸೊನ್ನೆಯಾಗುತ್ತದೆ. ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಪಟ್ಟಣಗಳ ವರ್ತಕರು ಹಾಗೂ ಸಣ್ಣ ಉತ್ಪಾದಕರು ಈ ನಷ್ಟವನ್ನು ಪರಂಪರೆಯ ಪ್ರಶ್ನೆಯೆಂದು ಮಾತ್ರ ನೋಡದೆ, ವ್ಯಾಪಾರದ ಪ್ರಶ್ನೆಯೆಂದೂ ಪರಿಗಣಿಸಬೇಕಾದ ಕಾಲ ಬಂದಿದೆ.

ದ್ವಾರಗಳ ನಗರ

ಬೀದರ್ ನಗರದ ಗುರುತೇ ಅದರ ದ್ವಾರಗಳು. ಬಹಮನಿ ಸುಲ್ತಾನ ಒಂದನೆಯ ಅಹ್ಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ಸ್ಥಳಾಂತರಿಸಿದ ನಂತರ, 1429ರಿಂದ 1432ರ ಅವಧಿಯಲ್ಲಿ ಕೋಟೆಯ ನಿರ್ಮಾಣ ನಡೆಯಿತು. ಜಂಬಿಟ್ಟಿಗೆ ಕಲ್ಲಿನ ನೆಲವನ್ನು ಕೊರೆದು ಮಾಡಿದ ಮೂರು ಸಾಲಿನ ಕಂದಕ, ಅದರಾಚೆ ಬುರುಜುಗಳು, ಅವುಗಳ ನಡುವೆ ದರವಾಜಗಳು, ಹೀಗೆ ಸಾಗುತ್ತದೆ ಇದರ ರಚನೆ. ಶರ್ಜಾ, ಗುಂಬಜ್, ಮಾಂಡು, ಕಲ್ಮಡಗಿ, ದಿಲ್ಲಿ, ಕಲ್ಯಾಣಿ, ಕರ್ನಾಟಕ ಎಂಬ ಹೆಸರುಗಳಿಂದ ಕೋಟೆಯ ದರವಾಜಗಳು ಪ್ರಸಿದ್ಧವಾಗಿವೆ. ಇವುಗಳ ಪೈಕಿ ಶರ್ಜಾ ದರವಾಜವು ತನ್ನ ಮುಖಭಾಗದಲ್ಲಿ ಕೆತ್ತಿದ ಎರಡು ಹುಲಿಗಳಿಂದ ಆ ಹೆಸರು ಪಡೆದಿದೆ. ಊರ ಗೋಡೆಗೆ ಶಹಗಂಜ್, ಫತೇ, ಮಂಗಲಪೇಟೆ, ದುಲ್ಹನ್, ತಾಲಘಾಟ್ ಎಂಬ ಐದು ದ್ವಾರಗಳಿವೆ. ದ್ವಾರದ ಹೆಸರೇ ಬಡಾವಣೆಯ ಹೆಸರಾಗಿ, ಅಂಗಡಿಯ ವಿಳಾಸವಾಗಿ, ಸರಕು ಇಳಿಸುವ ಸ್ಥಳದ ಗುರುತಾಗಿ ಉಳಿದಿರುವುದು ವ್ಯಾಪಾರಸ್ಥರಿಗೆ ತಿಳಿದ ವಿಷಯವೇ ಆಗಿದೆ.

ಈ ದ್ವಾರಗಳ ಮಹತ್ವವನ್ನು ಹೊರಜಗತ್ತು ಗುರುತಿಸಿಲ್ಲವೆಂದು ಹೇಳುವಂತಿಲ್ಲ. ಹೈದರಾಬಾದ್ ಸಂಸ್ಥಾನದ ಪ್ರಾಕ್ತನಶಾಸ್ತ್ರ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಮ್ ಯಾಜದಾನಿಯವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತ ತಮ್ಮ ಬೃಹತ್ ಗ್ರಂಥವನ್ನು 1947ರಲ್ಲಿ ಪ್ರಕಟಿಸಿದರು. 2014ರಲ್ಲಿ ಬೀದರಿನ ಐತಿಹಾಸಿಕ ನಗರವು ವಿಶ್ವ ಸ್ಮಾರಕ ನಿಧಿಯ ಎಚ್ಚರಿಕೆ ಪಟ್ಟಿಯಲ್ಲಿ ಸೇರಿತು. ಅದೇ ವರ್ಷ ದಖ್ಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳ ಸಮೂಹದಲ್ಲಿ ಬೀದರ್ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೆ ಈ ಎಲ್ಲ ಮನ್ನಣೆಯೂ ಕಲ್ಲು-ಗಾರೆಗಳ ದೊಡ್ಡ ಕಟ್ಟಡಗಳಿಗೆ ಸಲ್ಲುತ್ತದೆ. ಕಮಾನಿನೊಳಗೆ ನಿಂತ ಬಾಗಿಲು, ಬಾಗಿಲಿನ ಮೇಲಿನ ಕಬ್ಬಿಣ, ಕಟ್ಟಡದ ಸುತ್ತಲಿನ ಸರಳಿನ ಬೇಲಿ ಯಾರ ಪಟ್ಟಿಯಲ್ಲಿಯೂ ಪ್ರತ್ಯೇಕವಾಗಿ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ವಸ್ತು ಮೊದಲು ಕಾಣೆಯಾಗುತ್ತದೆ.

ಮನೆಯ ಬಾಗಿಲೂ ಒಂದು ದ್ವಾರವೇ

ಸಂರಕ್ಷಿತ ಸ್ಮಾರಕಗಳಿಗೆ ಕಾವಲುಗಾರರಿದ್ದಾರೆ. ನಿಜವಾದ ಅಪಾಯವಿರುವುದು ಖಾಸಗಿ ಸ್ವತ್ತಿನಲ್ಲಿ ಉಳಿದಿರುವ ಕೆಲಸಕ್ಕೆ. ಬೀದರಿನ ಹಳೆಯ ಪೇಟೆ, ಭಾಲ್ಕಿಯ ಕೋಟೆಯ ಆಸುಪಾಸಿನ ಓಣಿಗಳು, ಔರಾದ್ ಭಾಗದ ಹಳ್ಳಿಗಳ ದೇಶಮುಖ-ಪಾಟೀಲರ ವಾಡೆಗಳು, ಇವು ದಖ್ಖನಿನ ಮನೆಕಟ್ಟುವ ಪದ್ಧತಿಗೆ ಸೇರಿದವು. ಬೀದಿಗೆ ಎತ್ತರದ ಗೋಡೆ, ಒಂದೇ ಹೆಬ್ಬಾಗಿಲು, ಅದರೊಳಗೆ ಬಗ್ಗಿ ಹೋಗುವ ದಿಡ್ಡಿಬಾಗಿಲು, ಒಳಗೆ ತೆರೆದ ಅಂಗಳ, ಇದು ಆ ಪದ್ಧತಿಯ ಸಾಮಾನ್ಯ ರೂಪ. ಸಾಗುವಾನಿ ಹಲಗೆಗಳನ್ನು ಅಡ್ಡಪಟ್ಟಿಗಳಿಂದ ಬಿಗಿದು, ಪಟ್ಟಿಯ ಮೇಲೆ ಸಾಲುಸಾಲಾಗಿ ಗುಬ್ಬಿಮೊಳೆ ಹೊಡೆದು, ಮೊಳೆಯ ತುದಿಯನ್ನು ಹಿಂಬದಿಯಲ್ಲಿ ಮಡಿಚುವ ಕ್ರಮವಿತ್ತು. ಅಲಂಕಾರದಂತೆ ಕಾಣುವ ಈ ಮೊಳೆಗಳೇ ಬಾಗಿಲಿನ ಬಲ. ಆನೆಗಳ ದಾಳಿಯನ್ನು ತಡೆಯಲು ಕೋಟೆಯ ಬಾಗಿಲುಗಳಿಗೆ ಹೊಡೆಯುತ್ತಿದ್ದ ಚೂಪು ಮೊಳೆಗಳ ಮನೆಮಟ್ಟದ ರೂಪವೆಂದೇ ಇವುಗಳನ್ನು ತಿಳಿಯಬಹುದು.

ಬ್ರಿಟಿಷರ ಕಾಲದಲ್ಲಿ, ವಿಶೇಷವಾಗಿ ರೈಲು ಸಂಚಾರ ಹಬ್ಬಿದ ನಂತರ, ಕಾರ್ಖಾನೆಯ ಸರಳು-ಪಟ್ಟಿಗಳು ಪೇಟೆಗೆ ಸುಲಭವಾಗಿ ಬರಲಾರಂಭಿಸಿದವು. ಆಗ ಮಹಡಿಯ ಮುಂಭಾಗಕ್ಕೆ ಬೀಡುಕಬ್ಬಿಣದ ಅಚ್ಚಿನ ಕಟಾಂಜನ, ಕಿಟಕಿಗೆ ಸುರುಳಿ ಸರಳು, ಕಾಂಪೌಂಡಿಗೆ ಭರ್ಚಿಯ ತುದಿಯ ಬೇಲಿ ಬಂದವು. ಹೀಗೆ ಒಂದೇ ಓಣಿಯಲ್ಲಿ ಕಮ್ಮಾರನ ಕೈಯ ಕೆಲಸ ಮತ್ತು ದೂರದ ಎರಕಶಾಲೆಯ ಕೆಲಸ ಎರಡೂ ಸೇರಿರುವುದುಂಟು. ಇವುಗಳನ್ನು ಗುರುತಿಸುವುದು ಕಷ್ಟವೇನಲ್ಲ. ಒಂದರಂತೆ ಇನ್ನೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇದ್ದರೆ ಅದು ಅಚ್ಚಿನ ಎರಕ. ಪ್ರತಿ ಸುರುಳಿಯೂ ತುಸು ಭಿನ್ನವಾಗಿದ್ದು, ಜೋಡಣೆಯಲ್ಲಿ ಬೆಸುಗೆಯ ಗುಡ್ಡೆಯ ಬದಲು ಪಟ್ಟಿಯ ಬಳೆ ಅಥವಾ ರಿವೆಟ್ ಕಂಡರೆ ಅದು ಕುಲುಮೆಯ ಕೆಲಸ.

ತೂಕದ ಲೆಕ್ಕ, ಕೆಲಸದ ಲೆಕ್ಕ

ವ್ಯಾಪಾರಿಗೆ ಮನವರಿಕೆಯಾಗಬೇಕಾದರೆ ಲೆಕ್ಕ ಬೇಕು. ಕುಲುಮೆಯಲ್ಲಿ ಮಾಡಿದ ಹಳೆಯ ಗೇಟೊಂದು 150 ಕಿಲೋ ತೂಗುತ್ತದೆ, ಗುಜರಿ ದರ ಕಿಲೋಗೆ 30 ರೂಪಾಯಿ ಎಂದು ಊಹಿಸಿಕೊಳ್ಳೋಣ. ಮನೆಯ ಯಜಮಾನನ ಕೈಗೆ ಬರುವುದು 4,500 ರೂಪಾಯಿ. ಅದೇ ಗೇಟನ್ನು ಅದೇ ವಿಧಾನದಲ್ಲಿ ಮತ್ತೆ ಮಾಡಿಸಬೇಕಾದರೆ ಏನಾಗುತ್ತದೆ? ಕಿಲೋಗೆ 60 ರೂಪಾಯಿಯಂತೆ ಹೊಸ ಕಬ್ಬಿಣಕ್ಕೆ 9,000 ರೂಪಾಯಿ. ಇಬ್ಬರು ಕುಶಲಕರ್ಮಿಗಳು 20 ದಿನ ದುಡಿದರೆ, ದಿನಕ್ಕೆ ತಲಾ 800 ರೂಪಾಯಿಯಂತೆ ಕೂಲಿ 32,000 ರೂಪಾಯಿ. ಇದ್ದಿಲು, ಬಣ್ಣ, ಸಾಗಾಟ, ಮಾಲೀಕನ ಲಾಭ ಇವನ್ನು ಬಿಟ್ಟರೂ ಮೊತ್ತ 41,000 ರೂಪಾಯಿ. ಅಂದರೆ 41,000 ರೂಪಾಯಿಯ ವಸ್ತುವನ್ನು 4,500ಕ್ಕೆ ಕೊಟ್ಟಂತಾಯಿತು. ದರಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗಬಹುದು. ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ಏಕೆಂದರೆ ಇಂತಹ ಗೇಟಿನ ಬೆಲೆಯ ಮುಕ್ಕಾಲು ಪಾಲು ಕಬ್ಬಿಣದ್ದಲ್ಲ, ಕೂಲಿಯದು.

ಇಲ್ಲಿ ಇನ್ನೊಂದು ನಷ್ಟವೂ ಇದೆ. ಗೇಟು ಹೋದ ಮೇಲೆ ಅದರ ದುರಸ್ತಿಯ ಕೆಲಸವೂ ಹೋಯಿತು. ಮಳೆಗಾಲ ಕಳೆದ ಮೇಲೆ ತುಕ್ಕು ಕೆರೆದು ಬಣ್ಣ ಬಳಿಯುವುದು, ಸವೆದ ಬಿಜಾಗರಿಯನ್ನು ತುಂಬುವುದು, ಮುರಿದ ಸುರುಳಿಯನ್ನು ಮರಳಿ ಕೂರಿಸುವುದು, ಇವೆಲ್ಲ ಊರಿನ ಕುಲುಮೆಗೆ ವರ್ಷ ವರ್ಷವೂ ಬರುತ್ತಿದ್ದ ಸಣ್ಣ ಆದಾಯ. ಅದರ ಜಾಗದಲ್ಲಿ ಬರುವ ಚೌಕ ಪೈಪಿನ ಗೇಟು ಹಲವು ವೇಳೆ ದೊಡ್ಡ ನಗರದಿಂದ ಸಿದ್ಧವಾಗಿಯೇ ಬರುತ್ತದೆ. ಒಳಗೆ ತುಕ್ಕು ಹಿಡಿದರೆ ಅದನ್ನು ದುರಸ್ತಿ ಮಾಡುವ ಬದಲು ಬದಲಾಯಿಸುವುದೇ ರೂಢಿ. ಹಳೆಯ ಗೇಟಿನ ಮಾರಾಟದಿಂದ ಜಿಲ್ಲೆಗೆ ಬರುವ ಹಣ ಒಂದು ಬಾರಿಯದು. ಅದರ ಪಾಲನೆಯಿಂದ ಬರುವ ಹಣ ಹಲವು ದಶಕಗಳದು.

ಹೊರದೇಶದ ಎರಡು ಪಾಠಗಳು

ಅಲಂಕಾರಿಕ ಕಬ್ಬಿಣದ ಕೆಲಸಕ್ಕೆ ಇಂಗ್ಲೆಂಡ್ ಜಗತ್ಪ್ರಸಿದ್ಧ. 17ನೇ ಶತಮಾನದ ಕೊನೆಯಲ್ಲಿ ಜಾನ್ ಟಿಜೂ ಎಂಬ ಫ್ರೆಂಚ್ ಕುಶಲಕರ್ಮಿಯು ಹ್ಯಾಂಪ್ಟನ್ ಕೋರ್ಟ್ ಅರಮನೆಯ ಉದ್ಯಾನಕ್ಕೆ ಕಬ್ಬಿಣದ ಜಾಲರಿ ಪರದೆಗಳನ್ನು ಮಾಡಿಕೊಟ್ಟನು. 1693ರಲ್ಲಿ ತನ್ನ ವಿನ್ಯಾಸಗಳ ಪುಸ್ತಕವನ್ನೂ ಪ್ರಕಟಿಸಿದನು. ಮುಂದಿನ ತಲೆಮಾರಿನಲ್ಲಿ ಆ ನಾಡಿನ ಜಮೀನ್ದಾರರು ತಮ್ಮ ಎಸ್ಟೇಟುಗಳ ಮುಂದೆ ಇಂತಹ ಗೇಟುಗಳನ್ನು ನಿಲ್ಲಿಸುವುದನ್ನು ಪ್ರತಿಷ್ಠೆಯೆಂದು ತಿಳಿದರು. ನೆರೆಯ ವೇಲ್ಸ್‌ನ ಚರ್ಕ್ ಕೋಟೆಯ ಗೇಟುಗಳನ್ನು 18ನೇ ಶತಮಾನದ ಆರಂಭದಲ್ಲಿ ಮಾಡಿದವರು ಅದೇ ಪ್ರಾಂತದ ಡೇವಿಸ್ ಸಹೋದರರೆಂಬ ಕಮ್ಮಾರರು. ರಾಜಧಾನಿಯ ಶೈಲಿ ಹಳ್ಳಿಗಾಡಿನ ಕುಲುಮೆಯನ್ನು ತಲುಪಿ ಅಲ್ಲಿ ಅನ್ನವಾಯಿತು.

ಅದೇ ದೇಶದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ, ವಿಶೇಷವಾಗಿ 1941ರಿಂದ, ಯುದ್ಧದ ಅಗತ್ಯಕ್ಕಾಗಿ ಗುಜರಿ ಕಬ್ಬಿಣ ಸಂಗ್ರಹಿಸುವ ಸರಕಾರಿ ಕಾರ್ಯಕ್ರಮ ನಡೆದು, ಉದ್ಯಾನ, ಚರ್ಚು, ಮನೆಗಳ ಮುಂದಿನ ಕಟಾಂಜನಗಳನ್ನು ಅಪಾರ ಪ್ರಮಾಣದಲ್ಲಿ ಕತ್ತರಿಸಿ ಸಾಗಿಸಲಾಯಿತು. ಕಲ್ಲುಕಟ್ಟೆಯ ಮೇಲೆ ಕೊಯ್ದ ಸರಳಿನ ಮೊಟಕುಗಳು ಅನೇಕ ಬೀದಿಗಳಲ್ಲಿ ಇಂದಿಗೂ ಉಳಿದಿವೆ. ಆ ಕಾರ್ಯಕ್ರಮದಲ್ಲಿಯೂ ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವುಳ್ಳವೆಂದು ಗುರುತಿಸಲ್ಪಟ್ಟ ಕೆಲಸಕ್ಕೆ ವಿನಾಯಿತಿ ಇತ್ತು. ಯುದ್ಧದಂತಹ ಸಂಕಟದಲ್ಲಿಯೂ ಗುರುತಿಸಿದ್ದಕ್ಕೆ ಉಳಿಯುವ ಅವಕಾಶ ದೊರೆಯಿತೆಂಬುದು ಮೊದಲ ಪಾಠ. ಶಾಂತಿಕಾಲದಲ್ಲಿ, ಯಾವ ಒತ್ತಾಯವೂ ಇಲ್ಲದೆ, ಗುರುತಿಸುವ ಗೋಜಿಗೇ ಹೋಗದೆ ಕಳೆದುಕೊಳ್ಳುವ ಊರಿಗೆ ಸಮಜಾಯಿಷಿ ಇರಲಾರದು.

ಎರಡನೆಯ ಪಾಠ ಶುದ್ಧ ವಾಣಿಜ್ಯದ್ದು, ಅದರ ಸಾಕ್ಷಿ ಕರ್ನಾಟಕದಲ್ಲಿಯೇ ಇದೆ. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಬೀಡುಕಬ್ಬಿಣದ ಕಂಬಗಳು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಎರಕಶಾಲೆಯಲ್ಲಿ ತಯಾರಾದವು. 1850ರಲ್ಲಿ ಸ್ಥಾಪನೆಯಾದ ಆ ಎರಕಶಾಲೆಯು ಗೇಟು, ಕಟಾಂಜನ, ಕಂಬ, ಕಾರಂಜಿ, ಮಂಟಪಗಳನ್ನು ಚಿತ್ರಸಹಿತ ಕ್ಯಾಟಲಾಗಿನಲ್ಲಿ ನಮೂನೆ ಸಂಖ್ಯೆಯೊಡನೆ ಮುದ್ರಿಸಿ ಜಗತ್ತಿನಾದ್ಯಂತ ಕಳುಹಿಸುತ್ತಿತ್ತು. ಗ್ರಾಹಕನು ಸಾವಿರಾರು ಮೈಲಿ ದೂರದಲ್ಲಿ ಕುಳಿತು ಸಂಖ್ಯೆ ತಿಳಿಸಿದರೆ ಮಾಲು ಹಡಗೇರುತ್ತಿತ್ತು. 1967ರಲ್ಲಿ ಆ ಎರಕಶಾಲೆ ಮುಚ್ಚಿತು. ಆದರೆ ನಮೂನೆ ಪುಸ್ತಕಗಳು ಉಳಿದಿರುವುದರಿಂದ ಅದರ ಕೆಲಸವನ್ನು ದುರಸ್ತಿ ಮಾಡುವವರಿಗೆ ಆಧಾರ ದೊರೆಯುತ್ತದೆ. ಬೀದರಿನ ಕಮ್ಮಾರನ ಕೈಯಲ್ಲಿ ಗ್ಲಾಸ್ಗೋದವನಿಗಿಂತ ಕಡಿಮೆ ಕುಶಲತೆ ಇರಲಿಲ್ಲ. ಅವನ ಬಳಿ ಇಲ್ಲದಿದ್ದದ್ದು ನಮೂನೆ ಪುಸ್ತಕ ಮತ್ತು ಅದನ್ನು ಗ್ರಾಹಕನಿಗೆ ತಲುಪಿಸುವ ವ್ಯವಸ್ಥೆ.

ಬಿದರಿಯ ಉದಾಹರಣೆ

ಜಿಲ್ಲೆಯ ಒಳಗೇ ಇದಕ್ಕೆ ಮಾದರಿ ಉಂಟು. ಬಿದರಿ ಕಲೆಯಲ್ಲಿ ಬಳಸುವ ಲೋಹದ ಬಹುಪಾಲು ಸತು. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ. ಕಚ್ಚಾ ವಸ್ತುವಿನ ಬೆಲೆಯಿಂದ ಅಳೆದರೆ, ಬೆಳ್ಳಿಯ ಎಳೆಯನ್ನು ಬಿಟ್ಟು ಉಳಿದದ್ದು ಅಗ್ಗದ ಮಾಲು. ಅದಕ್ಕೆ ಬೆಲೆ ತಂದದ್ದು ಕೆತ್ತನೆ, ಬೆಳ್ಳಿಯ ಜೋಡಣೆ, ಕೋಟೆಯ ಹಳೆಯ ಮಣ್ಣಿನಿಂದ ಬರುವ ಅಚ್ಚಗಪ್ಪು, ಎಲ್ಲಕ್ಕಿಂತ ಮೇಲಾಗಿ ಊರಿನ ಹೆಸರು. ಆ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದು ಎರಡು ದಶಕಗಳಾಗುತ್ತ ಬಂದಿವೆ. ಬಿದರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿದೆ. ಬಿದರಿಯ ಹೂಜಿಯನ್ನು ಸತುವಿನ ದರಕ್ಕೆ ತೂಗಿ ಮಾರುವ ವರ್ತಕ ಬೀದರಿನಲ್ಲಿ ಒಬ್ಬನೂ ಸಿಗಲಾರ. ಅದೇ ವಿವೇಕವನ್ನು ಕಬ್ಬಿಣದ ಬಾಗಿಲಿಗೂ ಅನ್ವಯಿಸಬೇಕೆಂಬುದೇ ಇಲ್ಲಿನ ವಾದದ ತಿರುಳು.

ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳನ್ನೂ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿಯನ್ನೂ ನೋಡಿದವರಿಗೆ, ಮರ, ಕಲ್ಲು, ಲೋಹಗಳ ಕೆಲಸಗಾರರು ಈ ಊರಿನಲ್ಲಿ ಪರಸ್ಪರರಿಂದ ಕಲಿತಿರಬಹುದೆಂಬ ಭಾವನೆ ಬಾರದೆ ಇರದು. ಹೊಸ ಮನೆಯ ಕಬ್ಬಿಣದ ಗೇಟಿಗೆ ಬಿದರಿ ಕೆಲಸದ ಹಿಡಿ ಅಥವಾ ಹೆಸರುಫಲಕ ಕೂರಿಸುವ ಪ್ರಯತ್ನಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ. ಮಳೆ-ಬಿಸಿಲು ನೇರವಾಗಿ ತಾಗದ ಒಳಬಾಗಿಲಿಗೆ ಇದು ಇನ್ನಷ್ಟು ಒಪ್ಪುತ್ತದೆ.

ಕಾನೂನು ಏನು ಹೇಳುತ್ತದೆ

ಹಳೆಯ ವಸ್ತುಗಳ ಕೊಳ್ಳುವಿಕೆ-ಮಾರಾಟದಲ್ಲಿ ತೊಡಗಿದವರು ಕಾನೂನಿನ ಮೂರು ಅಂಶಗಳನ್ನು ಗಮನದಲ್ಲಿಡುವುದು ಒಳಿತು.

1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ವ್ಯಾಖ್ಯೆಯ ಪ್ರಕಾರ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ 100 ವರ್ಷಗಳಿಗೆ ಕಡಿಮೆಯಿಲ್ಲದಷ್ಟು ಹಳೆಯದಾಗಿದ್ದರೆ ಪುರಾವಸ್ತು ಎನಿಸಿಕೊಳ್ಳಬಹುದು. ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಅಗತ್ಯ. ಖಾಸಗಿಯವರು ಅವುಗಳನ್ನು ದೇಶದ ಹೊರಗೆ ಕಳುಹಿಸುವುದು ನಿಷಿದ್ಧ. ಹಳೆಯ ವಾಡೆಯ ಬಾಗಿಲನ್ನು ಕೊಂಡು ಮಹಾನಗರದ ವ್ಯಾಪಾರಿಗೆ ದಾಟಿಸುವವರು, ಇದು ಬರೀ ಹಳೆಯ ಕಟ್ಟಿಗೆ ಎಂದು ಹೇಳಿ ಪಾರಾಗಬಹುದೆಂದು ಭಾವಿಸುವುದು ಸರಿಯಲ್ಲ.

ಕೇಂದ್ರ ಸರಕಾರದಿಂದ ಸಂರಕ್ಷಿತವಾದ ಸ್ಮಾರಕಗಳಿಗೆ 1958ರ ಅಧಿನಿಯಮ ಮತ್ತು ಅದರ 2010ರ ತಿದ್ದುಪಡಿ ಅನ್ವಯಿಸುತ್ತವೆ. ಸಂರಕ್ಷಿತ ಗಡಿಯಿಂದ 100 ಮೀಟರು ನಿಷೇಧಿತ ವಲಯ, ಅಲ್ಲಿಂದಾಚೆ 200 ಮೀಟರು ನಿಯಂತ್ರಿತ ವಲಯ. ಈ ವಲಯಗಳಲ್ಲಿ ಅಂಗಡಿ-ಮನೆಗಳ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬೇಕು. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗಿನ ಸೆರೆವಾಸ ಅಥವಾ 1 ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಮೂರನೆಯದು ತೆರಿಗೆಗೆ ಸಂಬಂಧಿಸಿದ್ದು. 2024ರ ಅಕ್ಟೋಬರ್ 10ರಿಂದ ಲೋಹದ ಗುಜರಿ ವ್ಯವಹಾರಕ್ಕೆ ಸರಕು ಮತ್ತು ಸೇವಾ ತೆರಿಗೆಯ ಹೊಸ ಕ್ರಮಗಳು ಜಾರಿಗೆ ಬಂದಿವೆ. ನೋಂದಾಯಿತ ವ್ಯಾಪಾರಿಯ ಖರೀದಿ ಪುಸ್ತಕ ಮೊದಲಿಗಿಂತ ಬಿಗಿಯಾಗಿರಬೇಕಾಗಿದೆ. ಹೇಗೂ ಬರೆಯಲೇಬೇಕಾದ ಪುಸ್ತಕದಲ್ಲಿ, ಹಳೆಯ ಗೇಟು ಅಥವಾ ಕಟಾಂಜನ ಬಂದಾಗ ಅದರ ಊರು, ಅಳತೆ, ಒಂದು ಛಾಯಾಚಿತ್ರ ಸೇರಿಸುವುದು ಹೆಚ್ಚಿನ ಹೊರೆಯಾಗಲಾರದು.

ದುರಸ್ತಿಯ ವಿವೇಕ

ಉಳಿಸಬೇಕೆಂಬ ಸದುದ್ದೇಶದಿಂದಲೇ ಹಾಳುಮಾಡಿದ ಪ್ರಸಂಗಗಳು ಕಡಿಮೆಯೇನಲ್ಲ. ಹಳೆಯ ಕಾಲದ ಬಡಿದ ಕಬ್ಬಿಣ, ಬೀಡುಕಬ್ಬಿಣ, ಇಂದಿನ ಉಕ್ಕು ಇವು ಮೂರು ಬೇರೆ ಬೇರೆ ಗುಣದ ವಸ್ತುಗಳು. ಬಡಿದ ಕಬ್ಬಿಣದಲ್ಲಿ ಕಿಟ್ಟದ ಸೂಕ್ಷ್ಮ ಎಳೆಗಳು ನಾರಿನಂತೆ ಹರಡಿರುತ್ತವೆ. ಅದು ಬಾಗುತ್ತದೆ, ಬೇಗ ಒಡೆಯುವುದಿಲ್ಲ. ಬೀಡುಕಬ್ಬಿಣ ಭಾರ ಹೊರುತ್ತದೆ, ಪೆಟ್ಟು ತಾಳುವುದಿಲ್ಲ. ಅದಕ್ಕೆ ಸಾಮಾನ್ಯ ಉಕ್ಕಿನಂತೆ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದಲ್ಲಿಯೇ ಬಿರುಕು ಬಿಡುವ ಸಂಭವ ಹೆಚ್ಚು. ಆದ್ದರಿಂದ ಯಾವುದು ಯಾವ ಲೋಹವೆಂದು ತಿಳಿಯದೆ ವೆಲ್ಡಿಂಗ್ ರಾಡು ಹಿಡಿಯಬಾರದು.

ಬೀದರಿನ ಜಂಬಿಟ್ಟಿಗೆ ಕಲ್ಲು ರಂಧ್ರಮಯವಾದದ್ದು, ನೀರನ್ನು ಹೀರುತ್ತದೆ. ಅದರೊಳಗೆ ನೆಟ್ಟ ಸರಳಿನ ಬುಡದಲ್ಲಿ ತುಕ್ಕು ಹಿಡಿದರೆ ಲೋಹವು ಮೂಲ ಗಾತ್ರದ ಹಲವು ಪಟ್ಟು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಹಿಂದಿನ ಕಾಲದಲ್ಲಿ ಇಂತಹ ಕುಳಿಗಳಿಗೆ ಕರಗಿಸಿದ ಸೀಸ ಸುರಿಯುವ ಪದ್ಧತಿ ಅನೇಕ ಕಡೆ ಇತ್ತು. ಈಗ ಕುಳಿಗೆ ಸಿಮೆಂಟು ತುಂಬಿ ಮೇಲೆ ಬೋಗುಣಿಯಂತೆ ತಗ್ಗು ಬಿಡುವುದನ್ನು ಎಲ್ಲೆಡೆ ನೋಡಬಹುದು. ಅಲ್ಲಿ ಮಳೆನೀರು ನಿಂತು ನಾಲ್ಕಾರು ವರ್ಷಗಳಲ್ಲಿ ಬುಡ ಕೊಳೆಯುತ್ತದೆ. ನೀರು ಹರಿದುಹೋಗುವಂತೆ ಇಳಿಜಾರು ಕೊಡುವುದು, ಕಲ್ಲಿನ ಸಂದುಗಳಿಗೆ ಸುಣ್ಣದ ಗಾರೆ ಬಳಸುವುದು, ಇವು ಖರ್ಚಿಲ್ಲದ ಎಚ್ಚರಿಕೆಗಳು.

ಬಣ್ಣದ ವಿಷಯದಲ್ಲಿಯೂ ಜಾಗ್ರತೆ ಬೇಕು. ಹಳೆಯ ಬಣ್ಣದ ಪದರಗಳಲ್ಲಿ ಸೀಸ ಇರುವ ಸಾಧ್ಯತೆಯುಂಟು. ಒಣಗಿದ ಬಣ್ಣವನ್ನು ಯಂತ್ರದಿಂದ ಉಜ್ಜಿದರೆ ಆ ಧೂಳು ಕೆಲಸಗಾರನ ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಮಿತಿಗೊಳಿಸಿದ ನಿಯಮ ಬಂದದ್ದೇ 2016ರಲ್ಲಿ. ಒದ್ದೆ ಮಾಡಿ ಕೈಯಿಂದ ಕೆರೆಯುವುದು, ಮುಖಗವಸು ಧರಿಸುವುದು, ಸತುಯುಕ್ತ ಪ್ರೈಮರ್ ಹಚ್ಚಿ ಮೇಲೆ ಎರಡು ಕೈ ಬಣ್ಣ ಬಳಿಯುವುದು, ಇಷ್ಟಾದರೆ ಸಾಕು. ಬಿದರಿಗೆ ಮೈಯಾದ ಸತುವೇ ಕಬ್ಬಿಣಕ್ಕೆ ಕವಚವಾಗುತ್ತದೆ. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ಆಕ್ಷೇಪಗಳಿಗೆ ಉತ್ತರ

ಈ ವಾದಕ್ಕೆ ಪೇಟೆಯಿಂದ ಕೇಳಿಬರುವ ಆಕ್ಷೇಪಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಹಳೆಯ ಬಾಗಿಲು ಕಿರಿದು, ಸರಕಿನ ವಾಹನ ಒಳಗೆ ಬರುವುದಿಲ್ಲ ಎಂಬುದು ಮೊದಲನೆಯದು. ಇದು ನಿಜವಾದ ತೊಂದರೆ. ಸಂರಕ್ಷಿತ ವಲಯದ ಹೊರಗಿರುವ ಸ್ವತ್ತಿನಲ್ಲಿ ಬೇರೊಂದು ಬದಿಯಿಂದ ವಾಹನದ ದಾರಿ ಮಾಡಿ, ಹಳೆಯ ಬಾಗಿಲನ್ನು ಜನರ ಓಡಾಟಕ್ಕೆ ಉಳಿಸಿಕೊಳ್ಳುವುದು ಅನೇಕ ಕಡೆ ಸಾಧ್ಯ. ಅದೂ ಆಗದಿದ್ದರೆ ಬಾಗಿಲನ್ನು ಚೌಕಟ್ಟು ಸಮೇತ ಬಿಚ್ಚಿ, ಗುರುತು ಹಾಕಿ, ಒಳ ಅಂಗಳದಲ್ಲಿ ನಿಲ್ಲಿಸಬಹುದು. ಕತ್ತರಿಸುವುದು ಕೊನೆಯ ದಾರಿಯೂ ಆಗಬಾರದು.

ಗ್ರಾಹಕನಿಗೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲು ಬೇಕು, ಲೇಸರಿನಲ್ಲಿ ಕೊರೆದ ತಗಡು ಬೇಕು ಎಂಬುದು ಎರಡನೆಯದು. ಸಾಮಾನ್ಯ ಮನೆಗಳ ಮಟ್ಟಿಗೆ ಇದನ್ನು ಒಪ್ಪಲೇಬೇಕು. ಕುಲುಮೆಯ ಗೇಟು ಪ್ರತಿ ವರ್ಕ್‌ಶಾಪಿಗೂ ಅನ್ನ ಕೊಡುತ್ತದೆಂದು ಹೇಳಿದರೆ ಅದು ಅತಿಶಯೋಕ್ತಿ. ಆದರೆ ಮಠ, ಮಂದಿರ, ದರ್ಗಾ, ಗುರುದ್ವಾರ, ಶಾಲಾ-ಕಾಲೇಜು, ವಸತಿಗೃಹಗಳು ತಮ್ಮ ಮುಂಬಾಗಿಲಿಗೆ ವಿಶೇಷವಾದುದನ್ನು ಬಯಸುತ್ತವೆ, ಅದಕ್ಕೆ ಹೆಚ್ಚು ಬೆಲೆಯನ್ನೂ ಕೊಡುತ್ತವೆ. ನಾನಕ್ ಝೀರಾ ಸಾಹಿಬ್ ಗುರುದ್ವಾರಕ್ಕೆ ದೂರದೂರದಿಂದ ಯಾತ್ರಿಕರು ಬರುವ ಊರಿನಲ್ಲಿ, 2017ರಲ್ಲಿ ಕಲಬುರಗಿಗೆ ರೈಲು ಮಾರ್ಗ ತೆರೆದ ಜಿಲ್ಲೆಯಲ್ಲಿ, ಈ ಸಣ್ಣ ಮಾರುಕಟ್ಟೆಯನ್ನು ಹೊರಗಿನವರಿಗೆ ಬಿಟ್ಟುಕೊಡಬೇಕಾದ ಕಾರಣವಿಲ್ಲ.

ಗುಜರಿ ವ್ಯಾಪಾರಿಯನ್ನು ದೂಷಿಸುವುದೇಕೆ ಎಂಬುದು ಮೂರನೆಯದು. ದೂಷಿಸಬೇಕಾಗಿಲ್ಲ. ಹಳೆಯ ಕೆಲಸ ಕರಗುವ ಮುನ್ನ ಕಟ್ಟಕಡೆಯದಾಗಿ ನೋಡುವ ಕಣ್ಣು ಅವನದು. ಈ ಕಾರ್ಯದಲ್ಲಿ ಅವನಿಗಿಂತ ಉಪಯುಕ್ತ ಸಹಾಯಕ ಬೇರೊಬ್ಬನಿಲ್ಲ. ಕರಗಿಸುವ ಬೆಲೆಗಿಂತ ಹೆಚ್ಚಿನದನ್ನು ಕೊಡುವ ಕೊಳ್ಳುವವನನ್ನು ಜಿಲ್ಲೆಯೊಳಗೆ ತೋರಿಸಿದರೆ ಅವನು ಸಂತೋಷದಿಂದಲೇ ಕಾಯುವನು.

ಕೈಗೊಳ್ಳಬೇಕಾದ ಕ್ರಮಗಳು

ಮೊದಲನೆಯದಾಗಿ, ಬೀದರ್, ಭಾಲ್ಕಿ, ಔರಾದ್ ಈ ಮೂರು ಸ್ಥಳಗಳಲ್ಲಿ ಹಳೆಯ ಬಾಗಿಲು, ಗೇಟು, ಕಟಾಂಜನಗಳ ಸಮೀಕ್ಷೆ ನಡೆಯಬೇಕು. ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಅಳತೆ ತೆಗೆದು ನಕ್ಷೆ ಬರೆದರೆ ಅದೇ ನಮೂನೆ ಪುಸ್ತಕಕ್ಕೆ ಆಧಾರವಾಗುತ್ತದೆ. ಮಾಲೀಕರ ಒಪ್ಪಿಗೆಯಿಲ್ಲದೆ ಮನೆಯ ವಿಳಾಸ ಪ್ರಕಟಿಸಬಾರದು. ಪಟ್ಟಿ ಕಳ್ಳರ ಕೈಪಿಡಿಯಾಗಬಾರದು.

ಎರಡನೆಯದಾಗಿ, ಗುಜರಿ ಅಂಗಡಿಗಳೊಡನೆ ಮಾತುಕತೆ ನಡೆಸಿ, ಕುಲುಮೆಯ ಕೆಲಸ ಅಥವಾ ಹಳೆಯ ಎರಕ ಬಂದಾಗ 15 ದಿನ ಕರಗಿಸಲು ಕಳುಹಿಸದೆ ಕಾಯುವ ಒಪ್ಪಂದಕ್ಕೆ ಬರಬೇಕು. ಕಾನೂನುಬದ್ಧವಾಗಿ ಮಾರಬಹುದಾದ ವಸ್ತುವನ್ನು ಸ್ಥಳೀಯ ವರ್ಕ್‌ಶಾಪುಗಳು, ವಾಸ್ತುಶಿಲ್ಪಿಗಳು, ಮನೆ ಕಟ್ಟುವವರು ಆ ಅವಧಿಯಲ್ಲಿ ಕೊಳ್ಳಬಹುದು.

ಮೂರನೆಯದಾಗಿ, ಕಮ್ಮಾರರು, ಬಡಗಿಗಳು, ಬೀಗ ತಯಾರಕರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿದ್ದಾರೆ. ತರಬೇತಿಯ ಕಾಲಕ್ಕೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು, ಮೊದಲ ಹಂತದಲ್ಲಿ 1 ಲಕ್ಷ, ಎರಡನೆಯ ಹಂತದಲ್ಲಿ 2 ಲಕ್ಷ ರೂಪಾಯಿವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ ಅದರ ಅನುಕೂಲಗಳು. ಅರ್ಜಿಯ ತೊಡಕಿನಿಂದ ಹಿಂದೆ ಸರಿದ ಕುಶಲಕರ್ಮಿಗಳಿಗೆ ವಾಣಿಜ್ಯ ಸಂಘಗಳು ಕೈ ಆಸರೆಯಾಗಬೇಕು. ಸಾಲ ಪಡೆದವನಿಗೆ ಕೆಲಸ ದೊರಕಿಸುವುದು ಅದಕ್ಕಿಂತ ಮುಖ್ಯ. ಕೆಲಸವಿಲ್ಲದ ಕುಲುಮೆಗೆ ಸಾಲವೂ ಹೊರೆಯೇ.

ನಾಲ್ಕನೆಯದಾಗಿ, ಸಾರ್ವಜನಿಕ ಕಾಮಗಾರಿಗಳ ಟೆಂಡರಿನಲ್ಲಿ ಹಳೆಯ ಗೇಟಿನ ದುರಸ್ತಿಯನ್ನು ಪ್ರತ್ಯೇಕ ಬಾಬ್ತಾಗಿ ತೋರಿಸುವಂತೆ ಒತ್ತಾಯಿಸಬೇಕು. ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು ಎಂಬ ಒಂದೇ ಸಾಲು ಇರುವವರೆಗೆ ಯಾವ ಗುತ್ತಿಗೆದಾರನೂ ದುರಸ್ತಿಯ ಗೋಜಿಗೆ ಹೋಗಲಾರ. ಭಾರತೀಯ ಪುರಾತತ್ವ ಸರ್ವೇಕ್ಷಣದ 2014ರ ಸಂರಕ್ಷಣಾ ನೀತಿಯೂ ಪಾರಂಪರಿಕ ಕುಶಲಕರ್ಮಿಗಳ ಪಾತ್ರಕ್ಕೆ ಮಹತ್ವ ನೀಡಿದೆ. ಆ ನೀತಿಯನ್ನು ಮುಂದಿಟ್ಟುಕೊಂಡು ಕೇಳುವ ಹಕ್ಕು ಜಿಲ್ಲೆಯ ಉತ್ಪಾದಕರಿಗಿದೆ.

ಐದನೆಯದಾಗಿ, ಸಮೀಕ್ಷೆಯಿಂದ ದೊರೆತ ನಕ್ಷೆಗಳಲ್ಲಿ ಆಯ್ದ 20 ಅಥವಾ 25 ನಮೂನೆಗಳನ್ನು ಸಂಖ್ಯೆ, ಅಳತೆ, ಅಂದಾಜು ತೂಕ, ತಯಾರಿಕೆಗೆ ಬೇಕಾಗುವ ದಿನಗಳೊಡನೆ ಒಂದು ಪುಸ್ತಿಕೆಯಾಗಿ ಮುದ್ರಿಸಬೇಕು. ಗ್ಲಾಸ್ಗೋ 19ನೇ ಶತಮಾನದಲ್ಲಿ ಮಾಡಿದ್ದನ್ನು ಬೀದರ್ 21ನೇ ಶತಮಾನದಲ್ಲಿ, ಅದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ, ಮೊಬೈಲ್ ಫೋನಿನ ಮೂಲಕವೇ ಗ್ರಾಹಕನಿಗೆ ತಲುಪಿಸಬಲ್ಲದು.

ಈ ಐದರಲ್ಲಿ ಯಾವುದಕ್ಕೂ ಸರಕಾರದ ಆದೇಶಕ್ಕಾಗಿ ಕಾಯುತ್ತ ಕುಳಿತುಕೊಳ್ಳಬೇಕಾಗಿಲ್ಲ. ಮೊದಲ ಎರಡನ್ನು ವರ್ತಕ ಬಾಂಧವರು ಮನಸ್ಸು ಮಾಡಿದರೆ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದೊಳಗೆ ಮುಗಿಸಬಹುದು. ಕೋಟೆಯ ಕಲ್ಲು ಇನ್ನೂ ಶತಮಾನಗಳ ಕಾಲ ನಿಂತೀತು. ಓಣಿಯ ಕಬ್ಬಿಣಕ್ಕೆ ಅಷ್ಟು ವಾಯಿದೆ ಇಲ್ಲ. ಈಗಿರುವ ಹಿರಿಯ ಕಮ್ಮಾರರ ತಲೆಮಾರು ಸುತ್ತಿಗೆ ಕೆಳಗಿಡುವ ಮುನ್ನ ಅವರ ಕೈಯ ಲೆಕ್ಕ ಕಿರಿಯರಿಗೆ ದಾಟಬೇಕು. ಇನ್ನು ಮುಂದೆ ಹಳೆಯ ಬಾಗಿಲೊಂದು ಅಂಗಡಿಗೆ ಬಂದಾಗ, ತಕ್ಕಡಿಯ ಮುಳ್ಳನ್ನು ನೋಡುವ ಮೊದಲು ಅದನ್ನು ಮಾಡಲು ಎಷ್ಟು ದಿನ ಹಿಡಿದಿರಬಹುದೆಂದು ವರ್ತಕನು ಕೇಳಿಕೊಂಡರೆ, ಜಿಲ್ಲೆಯ ಈ ಸಂಪತ್ತು ಉಳಿಯುವ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ.